ಗುದನಾಳದ ಕ್ಯಾನ್ಸರ್: ಬೇಗ ಗೊತ್ತಾದರೆ

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಬರೋ ಮಾತು, "ಪೈಲ್ಸ್ ಇರಬೇಕು ಬಿಡಿ." ದಯವಿಟ್ಟು ಬಿಡಬೇಡಿ, ಅದು ಗುದನಾಳದ ಕ್ಯಾನ್ಸರ್ ಕೂಡ ಇರಬಹುದು; ಡಾಕ್ಟರಿಗೆ ತೋರಿಸಿ.

ಗುದನಾಳ ಅಂದರೆ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್. ಗಡ್ಡೆ ಅದರ ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ? ಚಿಕಿತ್ಸೆ ನಿಂತಿರೋದು ಮುಖ್ಯವಾಗಿ ಇದರ ಮೇಲೆ.

ಮೇಲ್ಪದರಗಳಲ್ಲೇ ಇರೋ ಚಿಕ್ಕ ಗಡ್ಡೆಯನ್ನು ಗುದದ್ವಾರದ ಮೂಲಕವೇ ತೆಗೀಬಹುದು, ಹೊಟ್ಟೆ ಕೊಯ್ಯೋದೇ ಬೇಡ. ತೆಗೆದ ತುಂಡನ್ನು ಕಾರ್ಕ್ ಹಲಗೆ ಮೇಲೆ ಹರಡಿ, ಅಂಚಿಗೆ ಪಿನ್ ಚುಚ್ಚಿ ಲ್ಯಾಬಿಗೆ ಕಳಿಸ್ತಾರೆ. ಅಲ್ಲಿ ಅಪಾಯದ ಗುರುತು ಸಿಕ್ಕರೆ ಸಾಮಾನ್ಯವಾಗಿ ದೊಡ್ಡ ಆಪರೇಷನ್: ಗುದನಾಳವನ್ನು ಸುತ್ತಲಿನ ಕೊಬ್ಬು, ದುಗ್ಧಗ್ರಂಥಿಗಳ ಸಮೇತ ತೆಗೆಯೋದು. ಮಲ ಸಂಗ್ರಹಕ್ಕೆ ಹೊಟ್ಟೆ ಮೇಲೆ ಹಾಕೋ ಚೀಲದ ಭಯ ಎಲ್ಲರಿಗೂ ಇದೆ. ಆದರೆ ಚೀಲ ಎಲ್ಲರಿಗೂ ಬೇಕಾಗಲ್ಲ, ಎಷ್ಟೋ ಸಲ ಅದು ಕೆಲವು ತಿಂಗಳ ಮಟ್ಟಿಗೆ ಮಾತ್ರ.

ಇನ್ನು ಕೆಲವರಲ್ಲಿ ರೇಡಿಯೇಷನ್, ಕೀಮೋದಿಂದಲೇ ಗಡ್ಡೆ ಪೂರ್ತಿ ಕರಗುತ್ತೆ. ಅಂಥವರಿಗೆ ಆಪರೇಷನ್ ಮಾಡದೆ ಕಾಯೋ ದಾರಿ ತೋರಿಸಿದವರು ಬ್ರೆಜಿಲ್‌ನ ಸರ್ಜನ್ ಏಂಜೆಲಿಟಾ ಹಬ್ರ್-ಗಾಮಾ. ಕಾಯೋದು ಅಂದರೆ ಸುಮ್ಮನಿರೋದಲ್ಲ; ಕೆಲವೇ ತಿಂಗಳಿಗೊಮ್ಮೆ ಬೆರಳಿನ ಪರೀಕ್ಷೆ, ಸ್ಕೋಪಿ, ಎಂಆರ್‌ಐ.

ಗಡ್ಡೆಯ ಎಂಎಂಆರ್ (ಜೀವಕೋಶ ತನ್ನ ಡಿಎನ್‌ಎ ತಪ್ಪುಗಳನ್ನು ತಿದ್ದಿಕೊಳ್ಳೋ ವ್ಯವಸ್ಥೆ) ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಈ ವ್ಯವಸ್ಥೆಯಲ್ಲಿ ದೋಷ ಕಂಡ ಅಪರೂಪದ ಕೆಲವರಿಗೆ ಇಮ್ಯುನೊಥೆರಪಿ ಒಂದೇ ಸಾಕಾಗಬಹುದು.