ಛಾವಣಿಯ ಮೇಲೆ ಸೋಲಾರ್: ಪ್ಯಾನೆಲ್ ಎಷ್ಟು, ಇನ್ವರ್ಟರ್ ಎಷ್ಟು?



ಇಲ್ಲಿ ಆಸ್ಟ್ರೇಲಿಯಾದಲ್ಲಿ ಸೋಲಾರ್ ಹಾಕಿಸಲು ಹೊರಟ ಸದಸ್ಯರು ನಮ್ಮನ್ನು ಕೇಳುವುದುಂಟು: 6.6 ಕಿಲೋವ್ಯಾಟ್ ಪ್ಯಾನೆಲ್‌ಗೆ 5 ಕಿಲೋವ್ಯಾಟ್ ಇನ್ವರ್ಟರ್ ಕೊಡುತ್ತಾರಲ್ಲ, ಇದು ಮೋಸವೇ? ಅಲ್ಲ. ಕಾವು, ಧೂಳು, ಓರೆ ಬಿಸಿಲಿನಿಂದಾಗಿ ಪ್ಯಾನೆಲ್‌ಗಳು ಪೂರ್ಣ ಶಕ್ತಿ ಕೊಡುವುದು ಅಪರೂಪ. ಇನ್ವರ್ಟರ್ ಸಾಮರ್ಥ್ಯದ ಶೇಕಡಾ 133ರವರೆಗೆ ಪ್ಯಾನೆಲ್ ಹಾಕಿಸಿದರೂ ಸರ್ಕಾರದ ರಿಯಾಯಿತಿ ಸಿಗುತ್ತದೆ.

ಊರಿನಲ್ಲಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿದರೆ ಇಲ್ಲಿ ಉತ್ತರಕ್ಕೆ. ಮರದ ನೆರಳು ಬೀಳುವ ಛಾವಣಿಗೆ ಪ್ರತಿ ಪ್ಯಾನೆಲ್‌ಗೂ ಒಂದೊಂದು ಮೈಕ್ರೋ ಇನ್ವರ್ಟರ್ ಒಳ್ಳೆಯದು. ನೆರಳಿಲ್ಲದಿದ್ದರೆ ಎಲ್ಲಕ್ಕೂ ಒಂದೇ ಸ್ಟ್ರಿಂಗ್ ಇನ್ವರ್ಟರ್ ಸಾಕು, ಖರ್ಚೂ ಕಡಿಮೆ.

ಒಳ್ಳೆಯ ಪ್ಯಾನೆಲ್ 25 ವರ್ಷ ಬಾಳುತ್ತದೆ. ಮೊದಲು ಕೈಕೊಡುವುದು ಸಾಮಾನ್ಯವಾಗಿ ಇನ್ವರ್ಟರ್. ಅದರ ವಾರಂಟಿ ಎಷ್ಟು ವರ್ಷ, ಕೆಟ್ಟರೆ ಆಸ್ಟ್ರೇಲಿಯಾದಲ್ಲೇ ಹೊಣೆ ಯಾರು ಎಂಬುದನ್ನು ಸಹಿ ಹಾಕುವ ಮುನ್ನ ಬರಹದಲ್ಲಿ ಪಡೆಯಿರಿ. ಎರಡೂ ಕ್ಲೀನ್ ಎನರ್ಜಿ ಕೌನ್ಸಿಲ್ ಪಟ್ಟಿಯಲ್ಲಿರಬೇಕು, ಇಲ್ಲದಿದ್ದರೆ ರಿಯಾಯಿತಿ ಸಿಗದು.