ತಕ್ಕಡಿಗೆ ಕಾಣದ ಗುಣ

ಆಸ್ಪರಿಯ ಎರೆಭೂಮಿಯಲ್ಲಿ ಬೆಳೆದ ಹತ್ತಿಯು ಆದವಾನಿಯ ಮಾರುಕಟ್ಟೆಗೆ ಬಂದಿಳಿದಾಗ, ನುರಿತ ಖರೀದಿದಾರನು ತಕ್ಕಡಿಯತ್ತ ಕಣ್ಣು ಹಾಯಿಸುವುದಕ್ಕೆ ಮೊದಲೇ ಚಿಟಿಕೆ ಅರಳೆಯನ್ನು ಹೆಬ್ಬೆರಳುಗಳ ನಡುವೆ ಹಿಡಿದು, ಮೆಲ್ಲನೆ ಎಳೆದು, ಎಳೆಯ ಉದ್ದವನ್ನೂ ಬಿಗುವನ್ನೂ ಒಳಗಿನ ತೇವವನ್ನೂ ಕ್ಷಣಮಾತ್ರದಲ್ಲಿ ಗ್ರಹಿಸಿಬಿಡುವನು. ತಕ್ಕಡಿಗೆ ತೂಕವೊಂದೇ ಗೊತ್ತು; ದರವನ್ನು ನಿಶ್ಚಯಿಸುವುದು ಬೆರಳು. ಆ ಬೆರಳಿನ ಅರಿವನ್ನು ತಕ್ಕಡಿಗೇ ಕಲಿಸುವಂತಿದ್ದರೆ ಹೇಗೆ? ಮಸೂರಗಳ ವಿನ್ಯಾಸಕಾರರು ತಮ್ಮ ಗಣಕಯಂತ್ರದ ಮುಂದೆ ಕುಳಿತು ಮಾಡುವ ಒಂದು ಕೆಲಸವು ಹೆಚ್ಚುಕಡಿಮೆ ಇದೇ.

ಕ್ಯಾಮೆರಾದ ಮಸೂರವೆಂದು ನಾವು ಕರೆಯುವುದು ವಾಸ್ತವವಾಗಿ ಹಲವು ಗಾಜುಗಳ ಸಮೂಹ. ಒಂದೊಂದು ಗಾಜಿನ ಬಾಗು, ದಪ್ಪ, ಜಾತಿ, ನಡುವಣ ಅಂತರ ಇವುಗಳಲ್ಲಿ ಯಾವುದನ್ನು ಕೂದಲೆಳೆಯಷ್ಟು ಬದಲಿಸಿದರೂ ಕಿರಣಗಳ ಪಥವೆಲ್ಲ ವ್ಯತ್ಯಾಸಗೊಳ್ಳುವುದು. 1840ರಲ್ಲಿ ವಿಯೆನ್ನಾದ ಜೋಸೆಫ್ ಪೆಟ್ಜ್‌ವಾಲನು ತನ್ನ ಭಾವಚಿತ್ರ ಮಸೂರವನ್ನು ಗಣಿಸಲು ಫಿರಂಗಿ ದಳದ ಲೆಕ್ಕಿಗರ ನೆರವನ್ನು ಪಡೆದನು. ಆ ಲೆಕ್ಕಿಗರ ಸ್ಥಾನದಲ್ಲಿ ಈಗ ಝೆಮ್ಯಾಕ್ಸ್, ಕೋಡ್ ವಿ ಮೊದಲಾದ ತಂತ್ರಾಂಶಗಳಿವೆ. 1944ರಲ್ಲಿ ಕೆನೆತ್ ಲೆವೆನ್‌ಬರ್ಗ್ ಪ್ರಕಟಿಸಿದ, ದೋಷಗಳ ವರ್ಗಮೊತ್ತವನ್ನು ಹಂತಹಂತವಾಗಿ ಕುಗ್ಗಿಸುವ ಕ್ರಮವು ಇಂತಹ ಗಣನೆಗೆ ತಳಹದಿಯಾಗಿದೆ. ಪ್ರತಿಯೊಂದು ದೋಷಕ್ಕೂ ಒಂದು ತೂಕವನ್ನಿತ್ತು, ಎಲ್ಲವನ್ನೂ ಒಟ್ಟುಗೂಡಿಸಿ ಪಡೆದ ಏಕೈಕ ಸಂಖ್ಯೆಯೇ ಮೆರಿಟ್ ಫಂಕ್ಷನ್. ಅದು ಇಳಿದಷ್ಟೂ ವಿನ್ಯಾಸವು ಉತ್ತಮವೆಂಬುದು ಯಂತ್ರದ ನಂಬಿಕೆ.

ಚುಕ್ಕೆಯ ಗಾತ್ರ, ನಾಭಿದೂರ, ಬಣ್ಣಗಳ ಚೆದರು ಮುಂತಾದ ಸಿದ್ಧ ಅಳತೆಗಳು ತಂತ್ರಾಂಶದಲ್ಲಿ ಬೇಕಾದಷ್ಟಿವೆ. ಆದರೆ ನಿಮ್ಮ ಕಾರ್ಖಾನೆಯಲ್ಲಿ ಇಂಥ ಗಾಜಿಗೆ ಇಷ್ಟು ಬೆಲೆಯೆಂಬುದು ಅದಕ್ಕೆ ತಿಳಿಯದು. ಆಗ ವಿನ್ಯಾಸಕಾರನು ಮ್ಯಾಕ್ರೋ ಎಂಬ ಪುಟ್ಟ ಆಜ್ಞಾಪಟ್ಟಿಯನ್ನು ತಾನೇ ಬರೆಯುವನು: ಒಂದೊಂದು ಗಾಜಿನ ದಪ್ಪ, ವ್ಯಾಸ, ಸಾಂದ್ರತೆಗಳಿಂದ ಅದರ ತೂಕವನ್ನು ತೆಗೆ, ಬೆಲೆಯಿಂದ ಗುಣಿಸು, ಎಲ್ಲವನ್ನೂ ಕೂಡು. ಝೆಮ್ಯಾಕ್ಸಿನಲ್ಲಿ ಈ ಕಡತಕ್ಕೊಂದು ಸಂಖ್ಯೆಯಿಟ್ಟು, ಮೆರಿಟ್ ಫಂಕ್ಷನ್ನಿನ ಪಟ್ಟಿಗೆ ಝಡ್‌ಪಿಎಲ್‌ಎಂ ಎಂಬ ಸಾಲನ್ನು ಸೇರಿಸಿದರೆ, ಗಣನೆಯ ಪ್ರತಿ ಆವರ್ತದಲ್ಲಿಯೂ ಮ್ಯಾಕ್ರೋ ಓಡಿ, ಆಪ್ಟ್‌ರಿಟರ್ನ್ ಎಂಬ ಆಜ್ಞೆಯ ಮೂಲಕ ತನ್ನ ಮೊತ್ತವನ್ನು ಒಪ್ಪಿಸುವುದು.

ಇಲ್ಲಿ ಎಡವುವ ಕಲ್ಲೂ ಒಂದುಂಟು. ಗಾಜಿನ ಅಂಚು ಮಿತಿಗಿಂತ ತೆಳುವಾದರೆ ಸಾವಿರ ದಂಡ, ಇಲ್ಲವಾದರೆ ಸೊನ್ನೆ ಎಂದು ಬರೆಯುವುದು ಸುಲಭ. ಆದರೆ ಗಣನೆಯು ಕತ್ತಲೆಯಲ್ಲಿ ಆದವಾನಿಯ ಕೋಟೆಬೆಟ್ಟವನ್ನಿಳಿಯುವವನಂತೆ ಪಾದಕ್ಕೆ ಸಿಕ್ಕ ಇಳಿಜಾರನ್ನು ತಡವಿಕೊಂಡೇ ಸಾಗತಕ್ಕದ್ದು. ಸಮತಟ್ಟಾದ ಬಂಡೆಯ ಮೇಲೆ ಅದಕ್ಕೆ ದಿಕ್ಕು ತೋರದು. ಮಿತಿಯನ್ನು ಮೀರಿದಷ್ಟೂ ದಂಡವು ಕ್ರಮವಾಗಿ ಏರುವಂತೆ ಬರೆಯುವುದೇ ಜಾಣತನ.

ಏನನ್ನು ಅಳೆಯಬೇಕೆಂಬ ಪ್ರಶ್ನೆ ಎಷ್ಟು ಗಹನವೆಂಬುದಕ್ಕೆ ಹೊಸಕೋಟೆಯಲ್ಲಿ ತಯಾರಾದ ಒಂದು ಉಪಕರಣವೇ ನಿದರ್ಶನ. 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯಲ್ಲಿ ಹೊರಟ ಪ್ರಭಾವಲಯ ದರ್ಶಕವನ್ನು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯು ಅಲ್ಲಿಯ ತನ್ನ ಆವರಣದಲ್ಲಿ ನಿರ್ಮಿಸಿತು. ಸೂರ್ಯನ ಪ್ರಭಾವಲಯವು ಬಿಂಬಕ್ಕಿಂತ ಲಕ್ಷಾಂತರ ಪಾಲು ಮಂದವಾದುದರಿಂದ, ಬಿಂಬದ ಬೆಳಕನ್ನು ಎರಡನೆಯ ಕನ್ನಡಿಯ ನಡುವಣ ರಂಧ್ರದ ಮೂಲಕ ಹೊರಗೆ ಕಳುಹಿಸಬೇಕಾಯಿತು. ಮೊದಲನೆಯ ಕನ್ನಡಿಯನ್ನು ಬೆಳಕು ಚೆದರದಂತೆ ಅತ್ಯಂತ ನುಣುಪಾಗಿ ಉಜ್ಜಬೇಕಾಯಿತು. ಚಿತ್ರವು ಎಷ್ಟೇ ಸ್ಫುಟವಾಗಿ ಮೂಡಲಿ, ಬೇಡದ ಬೆಳಕು ಒಳನುಸುಳಿದರೆ ಅಂತಹ ಉಪಕರಣವು ವ್ಯರ್ಥ.

ಅಳೆಯಬೇಕಾದುದನ್ನು ಗುರುತಿಸಿ ಮ್ಯಾಕ್ರೋ ಬರೆದ ಮಾತ್ರಕ್ಕೇ ಕೆಲಸ ಮುಗಿಯದು. ಅದರೆದುರಿನ ತೂಕದ ಅಂಕಣದಲ್ಲಿ ಸೊನ್ನೆಯನ್ನಿಟ್ಟರೆ, ಯಂತ್ರವು ಆ ಗುಣವನ್ನು ಲೆಕ್ಕಹಾಕಿ ತೋರಿಸುವುದೇ ಹೊರತು ಅದಕ್ಕೆ ಬೆಲೆ ಕೊಡುವುದಿಲ್ಲ.