ಸೆರೆಟ್ಸೆ ಖಾಮಾ: ಒಡೆದುದನ್ನು ಬೆಸೆದ ಮಣ್ಣು
(ಬಾನುಲಿ ಭಾಷಣ)

ಸೆತ್ಸ್ವಾನ ಭಾಷೆಯಲ್ಲಿ ‘ಸೆರೆಟ್ಸೆ’ ಎಂದರೆ ಕಲಸಿದ ಮಣ್ಣು, ಬಿರುಕನ್ನು ಬೆಸೆಯುವ ಮಣ್ಣು. ಬಾಮಂಗ್ವಾಟೋ ಕುಲದ ಒಡೆಯರಾಗಿದ್ದ ಮೂರನೆಯ ಖಾಮಾ ಅವರಿಗೂ ಅವರ ಮಗ ಸೆಕ್ಗೋಮಾನಿಗೂ ಬಹುಕಾಲದ ವೈಮನಸ್ಯವಿತ್ತು. ಅದು ಕಳೆದು ತಂದೆ ಮಗ ಒಂದಾದುದರ ಕುರುಹಾಗಿ, 1921ರ ಜುಲೈ 1ರಂದು ಸೆರೋವೆಯಲ್ಲಿ ಹುಟ್ಟಿದ ಮೊಮ್ಮಗನಿಗೆ ಆ ಹೆಸರನ್ನಿಟ್ಟರು. ಆದರೆ ಮುಂದೆ ಆ ಮೊಮ್ಮಗನ ನಿಮಿತ್ತವಾಗಿಯೇ ಕುಲ ಮತ್ತೊಮ್ಮೆ ಒಡೆಯಿತು.

1925ರಲ್ಲಿ ತಂದೆ ತೀರಿಕೊಂಡಾಗ ಸೆರೆಟ್ಸೆ ಇನ್ನೂ ಎಳೆಯ ಬಾಲಕ. ಚಿಕ್ಕಪ್ಪ ತ್ಶೆಕೇಡಿ ಅವನ ಹೆಸರಿನಲ್ಲಿ ಆಡಳಿತ ನಡೆಸುತ್ತ, ಮಗನಂತೆಯೇ ಸಾಕಿ ಓದಿಸಿದರು. ಫೋರ್ಟ್ ಹೇರ್ ಕಾಲೇಜು ಮುಗಿಸಿ ಆಕ್ಸ್‌ಫರ್ಡಿಗೆ, ಅಲ್ಲಿಂದ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ಲಂಡನ್ನಿಗೆ ಹೋದ ಯುವಕ, 1947ರಲ್ಲಿ ರೂತ್ ವಿಲಿಯಮ್ಸ್ ಎಂಬ ಗುಮಾಸ್ತೆಯನ್ನು ಕಂಡು ಮೆಚ್ಚಿದರು. ಆಕೆ ಬಿಳಿಯ ತರುಣಿ. ಚರ್ಚಿನಲ್ಲಿ ಮದುವೆ ಮಾಡಿಸಲು ಪಾದ್ರಿಗಳು ಹಿಂಜರಿದರು. 1948ರ ಸೆಪ್ಟೆಂಬರ್ 29ರಂದು ನೋಂದಣಿ ಕಚೇರಿಯಲ್ಲಿ ಅವರ ವಿವಾಹವಾಯಿತು.

ಚಿಕ್ಕಪ್ಪ ಕೆರಳಿದರು. ಅವರನ್ನು ಈ ಕಥೆಯ ಖಳನಾಯಕನೆಂದು ಬಗೆಯುವುದು ಸುಲಭ. ನಾನು ಹಾಗೆ ಬಗೆಯಲಾರೆ. ಒಡೆಯನ ಹೆಂಡತಿ ಮುಂದಿನ ಒಡೆಯನ ತಾಯಿ. ಕುಲದ ಅನುಮತಿಯಿಲ್ಲದೆ ಆಕೆಯನ್ನು ಆರಿಸಿಕೊಳ್ಳುವ ಹಕ್ಕು ಒಡೆಯನಿಗೂ ಇಲ್ಲವೆಂಬುದು ಅವರ ವಾದ. ಪ್ರಶ್ನೆ ‘ಕ್ಗೋಟ್ಲಾ’ದ ಮುಂದೆ ಬಂದಿತು. ಕ್ಗೋಟ್ಲಾ ಎಂದರೆ ನಮ್ಮ ಊರ ಚಾವಡಿಯಂಥ ಬಯಲು ಸಭೆ. ಮೊದಲ ಸಭೆಗಳಲ್ಲಿ ವಿರೋಧವೇ ಹೆಚ್ಚು. 1949ರ ಜೂನ್ ತಿಂಗಳ ಸಭೆಯಲ್ಲಿ, ತಮ್ಮನ್ನೂ ತಮ್ಮ ಪತ್ನಿಯನ್ನೂ ಒಪ್ಪುವವರು ಎದ್ದು ನಿಲ್ಲಬೇಕೆಂದು ಸೆರೆಟ್ಸೆ ಕೇಳಿದರು. ಸಹಸ್ರಾರು ಜನ ಎದ್ದು ನಿಂತರು. ತ್ಶೆಕೇಡಿ ತಮ್ಮ ಅನುಯಾಯಿಗಳೊಡನೆ ಊರು ತೊರೆದರು.

ಜನ ಒಪ್ಪಿದ ಮೇಲೆ ವಿಷಯ ಮುಗಿಯಬೇಕಿತ್ತು. ಆದರೆ ಪಕ್ಕದ ದಕ್ಷಿಣ ಆಫ್ರಿಕದಲ್ಲಿ ವರ್ಣಭೇದವನ್ನೇ ರಾಜ್ಯನೀತಿಯಾಗಿಸಿದ ಮಲಾನ್ ಸರಕಾರ 1948ರಲ್ಲಿ ಅಧಿಕಾರಕ್ಕೆ ಬಂದಿತ್ತು. ಮರುವರ್ಷ ಬಿಳಿಯರು ಇತರರನ್ನು ಮದುವೆಯಾಗುವುದನ್ನೇ ಕಾನೂನಿನಿಂದ ನಿಷೇಧಿಸಿತು. ಅದರ ಚಿನ್ನ ಮತ್ತು ಯುರೇನಿಯಂ ಬ್ರಿಟನ್ನಿಗೆ ಬೇಕಾಗಿತ್ತು. ಬ್ರಿಟಿಷ್ ಸರಕಾರ ವಿಚಾರಣಾ ಸಮಿತಿಯನ್ನು ನೇಮಿಸಿತು. ಸೆರೆಟ್ಸೆ ಯೋಗ್ಯರೇ, ಆದರೆ ಈ ಮದುವೆಯಿಂದ ನೆರೆರಾಜ್ಯಗಳ ಸ್ನೇಹ ಕೆಡುತ್ತದೆ ಎಂದು ಸಮಿತಿ ಹೇಳಿತು. ಆ ವರದಿಯನ್ನು ದಶಕಗಳ ಕಾಲ ಬಚ್ಚಿಟ್ಟರು. 1950ರಲ್ಲಿ ಮಾತುಕತೆಗೆಂದು ಲಂಡನ್ನಿಗೆ ಕರೆಸಿಕೊಂಡು, ತಾಯ್ನಾಡಿಗೆ ಮರಳಕೂಡದೆಂದು ಆಜ್ಞೆ ಮಾಡಿದರು. ಹೀಗೆ ಮಾಡಿದ್ದು ಕಾರ್ಮಿಕ ಪಕ್ಷದ ಸರಕಾರ; 1952ರಲ್ಲಿ ಅದನ್ನು ಶಾಶ್ವತಗೊಳಿಸಿದ್ದು ಕನ್ಸರ್ವೇಟಿವ್ ಸರಕಾರ. ಅನ್ಯಾಯದಲ್ಲಿ ಎರಡು ಪಕ್ಷಗಳಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಇತ್ತ ಸೆರೋವೆಯ ಜನ ಬೇರೊಬ್ಬ ಒಡೆಯನನ್ನು ಆರಿಸಲು ಒಪ್ಪಲಿಲ್ಲ, ಗಲಭೆಯೂ ಆಯಿತು. ಕೊನೆಗೆ ಚಿಕ್ಕಪ್ಪ ಮಗ ರಾಜಿಯಾದರು. ಒಡೆತನದ ಹಕ್ಕನ್ನು ತ್ಯಜಿಸಿ, 1956ರಲ್ಲಿ ಸೆರೆಟ್ಸೆ ಸಾಮಾನ್ಯ ಪ್ರಜೆಯಾಗಿ ಊರಿಗೆ ಬಂದರು.

ಪಿತ್ರಾರ್ಜಿತ ಪದವಿ ಹೋದುದೇ ಅವರಿಗೆ ವರವಾಯಿತೆಂದು ನನಗೆ ತೋರುತ್ತದೆ. ಒಂದು ಕುಲದ ಒಡೆಯನಾಗಿದ್ದರೆ ಎಲ್ಲ ಕುಲಗಳ ಮತ ಕೇಳುವುದು ಕಷ್ಟವಾಗುತ್ತಿತ್ತು. ಕ್ವೆಟ್ ಮಸೀರೆ ಮೊದಲಾದವರೊಡನೆ ಅವರು ಕಟ್ಟಿದ ಡೆಮಾಕ್ರಟಿಕ್ ಪಕ್ಷ 1965ರ ಚುನಾವಣೆಯಲ್ಲಿ 31 ಸ್ಥಾನಗಳಲ್ಲಿ 28ನ್ನು ಗೆದ್ದಿತು. 1966ರ ಸೆಪ್ಟೆಂಬರ್ 30ರಂದು ಬೆಚುವಾನಾಲ್ಯಾಂಡ್ ಬೋಟ್ಸ್ವಾನಾ ಆಯಿತು. ಸೆರೆಟ್ಸೆ ಅದರ ಮೊದಲ ಅಧ್ಯಕ್ಷರು. ಬಹುಭಾಗ ಕಲಹಾರಿ ಮರುಭೂಮಿ, ಅದರ ಮೇಲೆ ಬರಗಾಲ. ರಾಜಧಾನಿಯನ್ನೇ ಹೊಸದಾಗಿ ಕಟ್ಟಬೇಕಿತ್ತು, ಏಕೆಂದರೆ ಹಳೆಯ ಆಡಳಿತ ಕಚೇರಿ ಇದ್ದುದು ಗಡಿಯಾಚೆಯ ಮಾಫೆಕಿಂಗಿನಲ್ಲಿ!

1967ರಲ್ಲಿ ಓರಾಪಾದಲ್ಲಿ ವಜ್ರ ದೊರೆಯಿತು. ಓರಾಪಾ ಇದ್ದುದು ಅವರದೇ ಕುಲದ ನೆಲದಲ್ಲಿ. ಭೂಗರ್ಭದ ಸಂಪತ್ತು ಆಯಾ ಕುಲದ್ದಲ್ಲ, ಇಡೀ ರಾಷ್ಟ್ರದ್ದು ಎಂದು ಆ ವರ್ಷವೇ ಕಾನೂನಾಯಿತು. ವಜ್ರ ಸಿಕ್ಕಿದ ಆಫ್ರಿಕದ ಇತರ ಕೆಲವು ದೇಶಗಳಲ್ಲಿ ಹರಿದ ರಕ್ತವನ್ನು ನೆನೆದರೆ ಈ ಕಾನೂನಿನ ಬೆಲೆ ತಿಳಿಯುತ್ತದೆ. 1976ರಲ್ಲಿ ಚಲಾವಣೆಗೆ ಬಂದ ಸ್ವಂತ ನಾಣ್ಯಕ್ಕೆ ಅವರಿಟ್ಟ ಹೆಸರು ‘ಪೂಲಾ’, ಅಂದರೆ ಮಳೆ. ಬರದ ನಾಡಿನವರಿಗೆ ಅದಕ್ಕಿಂತ ದೊಡ್ಡ ಸಿರಿ ಯಾವುದು?

ಅಧ್ಯಾಪಕನಾದ ನನಗೆ ಹೆಚ್ಚು ಪ್ರಿಯವಾದ ಸಂಗತಿ ಇನ್ನೊಂದಿದೆ. ಮೂರು ದೇಶಗಳು ಕೂಡಿ ನಡೆಸುತ್ತಿದ್ದ ವಿಶ್ವವಿದ್ಯಾನಿಲಯದಿಂದ 1975ರಲ್ಲಿ ಲೆಸೋಥೋ ಹೊರನಡೆಯಿತು. ಆಗ ಸೆರೆಟ್ಸೆ ತಮ್ಮ ಜನರನ್ನು ಬೇಡಿದ್ದು ಇಷ್ಟೆ: ತಲೆಗೊಂದು ದನ ಕೊಡಿ. ದನವಿದ್ದವರು ದನ, ಇಲ್ಲದವರು ಧಾನ್ಯ, ಕೋಳಿಮೊಟ್ಟೆ ತಂದುಕೊಟ್ಟರು. ಗಬರೋನೆಯ ವಿದ್ಯಾಲಯದ ಕಟ್ಟಡಗಳು ಹಾಗೆ ಎದ್ದವು.

ಅವರ ರಾಜಕಾರಣದಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ವರ್ಣಭೇದವನ್ನು ಖಂಡಿಸುತ್ತಲೇ ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ನಡೆಸಬೇಕಾಯಿತು. ವಿಮೋಚನಾ ಹೋರಾಟಗಾರರಿಗೆ ಆಶ್ರಯ ಕೊಟ್ಟರೂ ಸೇನಾನೆಲೆ ಕೊಡಲಾಗಲಿಲ್ಲ. ಮರುಭೂಮಿಯ ಬೇಟೆಗಾರ ಜನರ ಪಾಲಿಗೆ ವಜ್ರದ ಸಿರಿ ತಲುಪಿದ್ದು ಅತ್ಯಲ್ಪ.

1980ರ ಜುಲೈ 13ರಂದು ಅವರು ತೀರಿಕೊಂಡರು. ಸೆರೋವೆಯ ಗುಡ್ಡದ ಮೇಲೆ ಹಿರಿಯರ ಸಮಾಧಿಗಳ ಬಳಿ ಅವರನ್ನು ಮಣ್ಣುಮಾಡಿದರು. ರೂತ್ ಇಂಗ್ಲೆಂಡಿಗೆ ಮರಳಲಿಲ್ಲ. 2002ರಲ್ಲಿ ಆಕೆ ತೀರಿಕೊಂಡಾಗ, ಒಂದು ಕಾಲಕ್ಕೆ ಕಾಲಿಡಕೂಡದೆಂದು ತಡೆದಿದ್ದ ಅದೇ ಊರಿನಲ್ಲಿ, ಗಂಡನ ಪಕ್ಕದಲ್ಲಿ ಸಮಾಧಿಯಾಯಿತು.